ಗೊಬ್ಬರದ ರಾಶಿಯ ಶಾಖಪ್ರಿಯ ಸೂಕ್ಷ್ಮಜೀವಿಗಳು: ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ರೈತರಿಗೆ ಮಾಹಿತಿ

ಪೀಠಿಕೆ

ಚಳಿಗಾಲದ ಬೆಳಗಿನಲ್ಲಿ ಹೊಸದಾಗಿ ಒಟ್ಟಿದ ಗೊಬ್ಬರದ ರಾಶಿಯನ್ನು ಕೆದಕಿದಾಗ ಹಬೆ ಏಳುವುದನ್ನು ನೀವು ಕಂಡಿರಬಹುದು. ಈ ಶಾಖವು ಬಿಸಿಲಿನಿಂದ ಬಂದುದಲ್ಲ. ರಾಶಿಯೊಳಗೆ ಸೊಪ್ಪು, ದರಕು, ಸಗಣಿಗಳನ್ನು ತಿಂದು ಬೆಳೆಯುವ ಕೋಟ್ಯಂತರ ಸೂಕ್ಷ್ಮಜೀವಿಗಳ ಉಸಿರಾಟದಿಂದ ಹುಟ್ಟಿದ್ದು. ರಾಶಿಯ ಒಡಲು 55 ರಿಂದ 65 ಡಿಗ್ರಿ ಸೆಲ್ಸಿಯಸ್‌ ತಲುಪಿದಾಗ ಸಾಮಾನ್ಯ ಜೀವಿಗಳು ಅಲ್ಲಿ ಬದುಕಲಾರವು. ಅಂತಹ ಬಿಸಿಯನ್ನೇ ಬಯಸುವ ಶಾಖಪ್ರಿಯ ಸೂಕ್ಷ್ಮಜೀವಿಗಳು ಆಗ ಕೆಲಸವನ್ನು ವಹಿಸಿಕೊಳ್ಳುತ್ತವೆ.

ಕರಾವಳಿಯಲ್ಲಿ ಗೊಬ್ಬರಕ್ಕೆ ಬೇಕಾದ ಕಚ್ಚಾವಸ್ತುವಿಗೆ ಕೊರತೆಯಿಲ್ಲ. ಸೊಪ್ಪಿನ ಬೆಟ್ಟದ ಸೊಪ್ಪು ಮತ್ತು ದರಕು, ಅಡಿಕೆಯ ಸೋಗೆ, ಹಾಳೆ, ಸಿಪ್ಪೆ, ತೆಂಗಿನ ಗರಿ ಮತ್ತು ನಾರಿನ ಪುಡಿ, ಬಾಳೆಯ ದಿಂಡು, ಭತ್ತದ ಹುಲ್ಲು ಎಲ್ಲವೂ ದೊರೆಯುತ್ತವೆ. ಕೊರತೆ ಇರುವುದು ಶಾಖದಲ್ಲಿ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಭಾಗದಲ್ಲಿ ತೆರೆದ ಗುಂಡಿಗಳು ನೀರು ತುಂಬಿ ತಣ್ಣಗೆ ಕೊಳೆಯುತ್ತವೆ. ಬಿಸಿಯೇರದ ಗೊಬ್ಬರದೊಂದಿಗೆ ಕಳೆಯ ಬೀಜ, ಕುರುವಾಯಿ ದುಂಬಿಯ ಮರಿಹುಳು, ರೋಗಾಣುಗಳು ತೋಟವನ್ನು ಸೇರುತ್ತವೆ. ಒಂದು ವರ್ಷದ ದುಡಿಮೆಯಿಂದ ಸಿದ್ಧವಾದ ಗೊಬ್ಬರವೇ ಮುಂದಿನ ವರ್ಷದ ತೊಂದರೆಗೆ ಮೂಲವಾಗುತ್ತದೆ. ಆದುದರಿಂದ ಈ ಜೀವಿಗಳನ್ನು ಅರಿತು ದುಡಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಶಾಖಪ್ರಿಯ ಸೂಕ್ಷ್ಮಜೀವಿಗಳೆಂದರೇನು?

ನಮ್ಮ ಮಣ್ಣಿನ ಬಹುಪಾಲು ಸೂಕ್ಷ್ಮಜೀವಿಗಳು 20 ರಿಂದ 40 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ. 45 ಡಿಗ್ರಿಗಿಂತ ಮೇಲಿನ ಉಷ್ಣತೆಯಲ್ಲಿ ಬೆಳೆಯುವಂಥವನ್ನು ಶಾಖಪ್ರಿಯ ಜೀವಿಗಳೆಂದೂ, 80 ಡಿಗ್ರಿಗೂ ಮೇಲೆ ಚೆನ್ನಾಗಿ ಬೆಳೆಯುವಂಥವನ್ನು ಅತಿಶಾಖಪ್ರಿಯ ಜೀವಿಗಳೆಂದೂ ಕರೆಯುತ್ತಾರೆ.

ಅಮೆರಿಕದ ವಿಜ್ಞಾನಿ ಥಾಮಸ್ ಬ್ರಾಕ್ ಅವರು 1966ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಯಲ್ಲಿ ಸುಮಾರು 70 ಡಿಗ್ರಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಕಂಡರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಡಲಾಯಿತು. ಈ ಜೀವಿಯ ಕಿಣ್ವವು ಬಿಸಿಗೆ ಕೆಡುವುದಿಲ್ಲವಾದುದರಿಂದ ಪಿ.ಸಿ.ಆರ್. ಪರೀಕ್ಷೆಗೆ ಅದು ಆಧಾರವಾಯಿತು. ಅಡಿಕೆಯ ಹಳದಿ ಎಲೆ ರೋಗದ ಕಾರಕವನ್ನು ಪ್ರಯೋಗಾಲಯದಲ್ಲಿ ಗುರುತಿಸುವುದೂ ಇದೇ ವಿಧಾನದಿಂದ. ಹಿಂದೂ ಮಹಾಸಾಗರದ ತಳದ ಬಿಸಿ ಚಿಲುಮೆಯಿಂದ ತೆಗೆದ ಮೆಥನೊಪೈರಸ್ ಎಂಬ ಜೀವಿಯ ಒಂದು ತಳಿಯು ಅಧಿಕ ಒತ್ತಡದಲ್ಲಿ 122 ಡಿಗ್ರಿಯಲ್ಲಿಯೂ ಬೆಳೆಯಿತೆಂದು ಜಪಾನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು.

ನಮ್ಮ ಕರಾವಳಿಗೆ ಹತ್ತಿರದ ಬಿಸಿನೀರಿನ ತಾಣವೆಂದರೆ ದಕ್ಷಿಣ ಕನ್ನಡ ಜಿಲ್ಲೆ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥ. ಅಲ್ಲಿಯ ನೀರು ಬೆಚ್ಚಗಿರುವುದೇ ಹೊರತು ಕುದಿಯುವುದಿಲ್ಲ. ಶಾಖಪ್ರಿಯ ಜೀವಿಗಳನ್ನು ಕಾಣಲು ನೀವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅವು ನಿಮ್ಮ ಮಣ್ಣಿನಲ್ಲಿ, ದನದ ಸಗಣಿಯಲ್ಲಿ, ಒಣಗಿದ ಎಲೆಗಳ ಮೇಲೆ ಬೀಜಾಣುಗಳ ರೂಪದಲ್ಲಿ ಈಗಾಗಲೇ ಇವೆ; ಬಿಸಿ ದೊರೆತೊಡನೆ ಎಚ್ಚರಗೊಳ್ಳುತ್ತವೆ.

ಬಿಸಿಗೆ ಇವು ಸಾಯುವುದಿಲ್ಲವೇಕೆ? ಕೋಳಿಮೊಟ್ಟೆಯ ಬಿಳಿಭಾಗವು ಬಿಸಿಗೆ ಗಟ್ಟಿಯಾಗುವಂತೆ ಸಾಮಾನ್ಯ ಜೀವಿಗಳ ಪ್ರೋಟೀನುಗಳು ಶಾಖಕ್ಕೆ ತಮ್ಮ ಆಕಾರವನ್ನು ಕಳೆದುಕೊಳ್ಳುತ್ತವೆ. ಶಾಖಪ್ರಿಯ ಜೀವಿಗಳ ಪ್ರೋಟೀನುಗಳು ಹೆಚ್ಚು ಬಿಗಿಯಾಗಿ ಮಡಿಚಿಕೊಂಡಿರುತ್ತವೆ. ಜೀವಕೋಶದ ಪೊರೆಯ ಕೊಬ್ಬು ಸುಲಭವಾಗಿ ಕರಗಿ ಸಡಿಲಗೊಳ್ಳುವುದಿಲ್ಲ. ಈ ಕಾರಣದಿಂದಲೇ ಅವು ತಂಪಿನಲ್ಲಿ ನಿಧಾನವಾಗಿಯೂ ಬಿಸಿಯಲ್ಲಿ ಚುರುಕಾಗಿಯೂ ಇರುತ್ತವೆ.

ಕರ್ನಾಟಕದ ಕೊಡುಗೆ

ಜರ್ಮನಿಯ ಹ್ಯೂಗೋ ಮೀಹೆ ಅವರು 1907ರಲ್ಲಿಯೇ, ಒದ್ದೆಯಾದ ಹುಲ್ಲಿನ ಬಣವೆ ತಾನಾಗಿ ಬಿಸಿಯಾಗುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದ್ದರು. ಈ ಶಾಖವನ್ನು ಗೊಬ್ಬರ ತಯಾರಿಕೆಗೆ ಬಳಸುವಲ್ಲಿ ನಮ್ಮ ರಾಜ್ಯದ ಪಾತ್ರವೂ ಇದೆ. ಡಾ. ಸಿ. ಎನ್. ಆಚಾರ್ಯ ಅವರು 1939ರ ಸುಮಾರಿಗೆ ಬೆಂಗಳೂರಿನಲ್ಲಿ ರೂಪಿಸಿದ ವಿಧಾನವು ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಗಿದೆ. ಇದರಲ್ಲಿ ಪದರ ಪದರವಾಗಿ ತುಂಬಿದ ತ್ಯಾಜ್ಯವನ್ನು ಮಣ್ಣಿನಿಂದ ಮುಚ್ಚಿ, ಮಗುಚದೆ ಬಿಡಲಾಗುತ್ತದೆ. ಒಂದು ವಾರದೊಳಗೆ ಉಷ್ಣತೆ ಸುಮಾರು 60 ಡಿಗ್ರಿಗೇರಿ ಎರಡು ಮೂರು ವಾರ ಉಳಿಯುತ್ತದೆ. ನಂತರ ನಿಧಾನವಾಗಿ ಕಳಿತು 4 ರಿಂದ 6 ತಿಂಗಳಲ್ಲಿ ಗೊಬ್ಬರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ ಮಹೇಶ್ವರಿ ಮತ್ತು ಸಂಗಡಿಗರು ಶಾಖಪ್ರಿಯ ಶಿಲೀಂಧ್ರಗಳು ಹಾಗೂ ಅವುಗಳ ಕಿಣ್ವಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದರು.

ರಾಶಿಯೊಳಗೆ ನಡೆಯುವ ಕ್ರಿಯೆ

1. ಬೆಚ್ಚಗಾಗುವ ಹಂತ: ಮೊದಲ ಎರಡು ಮೂರು ದಿನ ಸಾಮಾನ್ಯ ಜೀವಿಗಳು ಸಕ್ಕರೆ, ಪಿಷ್ಟದಂತಹ ಸುಲಭ ಆಹಾರವನ್ನು ತಿನ್ನುತ್ತವೆ. ರಾಶಿಯು 40-45 ಡಿಗ್ರಿಗೆ ಏರುತ್ತದೆ. ತಾವೇ ಹುಟ್ಟಿಸಿದ ಶಾಖಕ್ಕೆ ಈ ಜೀವಿಗಳು ಹಿಂದೆ ಸರಿಯುತ್ತವೆ.

2. ಬಿಸಿಯ ಹಂತ: 45 ರಿಂದ 65 ಡಿಗ್ರಿ. ಬ್ಯಾಸಿಲಸ್ ಮತ್ತು ಜಿಯೋಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾ, ಥರ್ಮೋಬೈಫಿಡಾದಂತಹ ಆ್ಯಕ್ಟಿನೋಮೈಸಿಟ್ಸ್, ಥರ್ಮೋಮೈಸಿಸ್‌ನಂತಹ ಶಿಲೀಂಧ್ರಗಳು ಪ್ರಬಲವಾಗುತ್ತವೆ. ರಾಶಿಯನ್ನು ಬಿಡಿಸಿದಾಗ ಬೂದಿ ಚೆಲ್ಲಿದಂತೆ ಕಾಣುವ ಬಿಳಿಯ ಪುಡಿ ಆ್ಯಕ್ಟಿನೋಮೈಸಿಟ್ಸ್‌ಗಳದ್ದು. ಅದನ್ನು ಕಂಡು ಗೊಬ್ಬರ ಕೆಟ್ಟಿತೆಂದು ಭಾವಿಸಬೇಡಿರಿ. ನಾರಿನ ಅಂಶವಾದ ಸೆಲ್ಯುಲೋಸ್ ಈ ಹಂತದಲ್ಲಿ ವೇಗವಾಗಿ ಒಡೆಯುತ್ತದೆ. ಶಿಲೀಂಧ್ರಗಳ ಬೆಳವಣಿಗೆ ಸುಮಾರು 60 ಡಿಗ್ರಿಗೆ ನಿಲ್ಲುತ್ತದೆ. 65-70 ಡಿಗ್ರಿಯನ್ನು ದಾಟಿದರೆ ಉಪಯುಕ್ತ ಜೀವಿಗಳ ವೈವಿಧ್ಯವೂ ಕುಗ್ಗಿ, ಸಾರಜನಕವು ಅಮೋನಿಯಾ ಅನಿಲವಾಗಿ ನಷ್ಟವಾಗುತ್ತದೆ. ಆದುದರಿಂದ ಬಿಸಿ ಹೆಚ್ಚಿದಷ್ಟೂ ಒಳ್ಳೆಯದೆಂಬ ಎಣಿಕೆ ಸರಿಯಲ್ಲ.

3. ತಣಿದು ಮಾಗುವ ಹಂತ: ಸುಲಭ ಆಹಾರ ಮುಗಿದಂತೆ ಶಾಖ ಇಳಿಯುತ್ತದೆ. ಸಾಮಾನ್ಯ ಜೀವಿಗಳು ಮರಳಿ ಬಂದು ಲಿಗ್ನಿನ್‌ನಂತಹ ಗಟ್ಟಿ ಅಂಶಗಳನ್ನು ನಿಧಾನವಾಗಿ ಕಳಿಸುತ್ತವೆ. ಈ ಹಂತಕ್ಕೆ ಎರಡು ತಿಂಗಳಾದರೂ ಬೇಕು.

ಶಾಖದಿಂದ ಆಗುವ ಪ್ರಯೋಜನ

ಕಳೆ ನಿಯಂತ್ರಣ: ತೇವವಿರುವ ರಾಶಿಯಲ್ಲಿ 55-60 ಡಿಗ್ರಿ ಉಷ್ಣತೆ ಹಲವು ದಿನ ಉಳಿದರೆ ಬಹುತೇಕ ಕಳೆಬೀಜಗಳು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಕುಮಟಾ ಭಾಗದ ಸಿಹಿ ಈರುಳ್ಳಿಯಂತೆ ಕೈಯಿಂದಲೇ ಕಳೆ ಕೀಳಬೇಕಾದ ಬೆಳೆಯಲ್ಲಿ ಇದರಿಂದ ಉಳಿಯುವ ಕೂಲಿ ಕಡಿಮೆಯೇನಲ್ಲ.

ಕೀಟ ನಿಯಂತ್ರಣ: ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಯು ಮೊಟ್ಟೆಯಿಡುವುದು ತಂಪಾದ ಗೊಬ್ಬರಗುಂಡಿಗಳಲ್ಲಿ ಮತ್ತು ಕೊಳೆತ ಕಾಂಡಗಳಲ್ಲಿ. 50 ಡಿಗ್ರಿ ದಾಟಿದ ರಾಶಿಯ ಒಡಲಿನಲ್ಲಿ ಮರಿಹುಳು ಬದುಕುವುದಿಲ್ಲ. ರಾಶಿಯನ್ನು ಮಗುಚುವಾಗ ಅಂಚಿನಲ್ಲಿ ಕಾಣುವ ದಪ್ಪ ಬಿಳಿ ಹುಳುಗಳನ್ನು ಆರಿಸಿ ನಾಶಪಡಿಸಿರಿ.

ರೋಗ ನಿಯಂತ್ರಣ: ಕೊಳೆರೋಗ ಹಾಗೂ ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಕಾರಣವಾದ ಫೈಟಾಫ್ಥೊರಾ ರೋಗಾಣುಗಳು ಸತತ ಶಾಖವನ್ನು ತಾಳಲಾರವು. ಆದರೆ ಶಾಖವಿರುವುದು ರಾಶಿಯ ಒಡಲಿನಲ್ಲಿ ಮಾತ್ರ. ಹೊರಮೈ ತಂಪಾಗಿಯೇ ಇರುತ್ತದೆ. ಹೊರಗಿನದನ್ನು ಒಳಗೆ ಸೇರಿಸುವಂತೆ ಮಗುಚದೆ ಹೋದರೆ ಅರ್ಧ ಕೆಲಸವಷ್ಟೇ ಆದಂತೆ.

ಬಿಸಿರಾಶಿ ಕಟ್ಟುವ ಕ್ರಮ

1. ಸ್ಥಳ: ನೀರು ನಿಲ್ಲದ ಎತ್ತರದ, ಅರೆನೆರಳಿನ ಜಾಗವನ್ನು ಆರಿಸಿರಿ. ಬಾವಿಯಿಂದ ದೂರವಿರಲಿ. ಮರಳು ನೆಲವಿದ್ದಲ್ಲಿ ಸಾರ ಬಸಿದು ಹೋಗದಂತೆ ಚಿರೆಕಲ್ಲು ಹಾಸಿ ಸಗಣಿಮಣ್ಣಿನಿಂದ ಸಾರಿಸಬಹುದು.

2. ಗಾತ್ರ: 1.5 ಮೀ. ಅಗಲ, 1.2 ರಿಂದ 1.5 ಮೀ. ಎತ್ತರ, ಉದ್ದ ಅನುಕೂಲದಂತೆ. 1 ಮೀಟರಿಗಿಂತ ಚಿಕ್ಕ ರಾಶಿಯಲ್ಲಿ ಹುಟ್ಟಿದ ಶಾಖ ನಿಲ್ಲುವುದಿಲ್ಲ. ದಿನಕ್ಕೊಂದು ಬುಟ್ಟಿಯಂತೆ ಸುರಿಯುತ್ತ ಹೋದ ಗುಂಡಿ ಬಿಸಿಯೇರದಿರಲು ಇದೇ ಕಾರಣ. ಸಾಮಗ್ರಿಯನ್ನು ಮೊದಲು ಸಂಗ್ರಹಿಸಿಟ್ಟುಕೊಂಡು ಒಂದೆರಡು ದಿನಗಳಲ್ಲಿ ರಾಶಿಯನ್ನು ಪೂರ್ಣಗೊಳಿಸಿರಿ.

3. ಮಿಶ್ರಣ: ಇಂಗಾಲ ಮತ್ತು ಸಾರಜನಕದ ಅನುಪಾತ 25 ರಿಂದ 30ರಷ್ಟಿರಬೇಕು. ದರಕು, ಹುಲ್ಲು, ಸೋಗೆಗಳಲ್ಲಿ ಇಂಗಾಲ ಅಧಿಕ; ಸಗಣಿ, ಗ್ಲಿರಿಸಿಡಿಯಾ ಸೊಪ್ಪು, ಹಸಿ ಕಳೆ, ಕೋಳಿಗೊಬ್ಬರಗಳಲ್ಲಿ ಸಾರಜನಕ ಅಧಿಕ. ಅಳತೆಯಲ್ಲಿ ಸುಮಾರು ಎರಡು ಪಾಲು ಒಣ ವಸ್ತು, ಒಂದು ಪಾಲು ಹಸಿಸೊಪ್ಪು ಮತ್ತು ಸಗಣಿ ಸೇರಿಸುವುದು ಸೂಕ್ತ. ಯುಪಟೋರಿಯಂ ಗಿಡವನ್ನು ಹೂ ಬಿಡುವ ಮೊದಲೇ ಕತ್ತರಿಸಿ ಬಳಸಿರಿ.

4. ಪದರಗಳು: ತಳದಲ್ಲಿ ಗಾಳಿಯಾಡಲು ಒರಟು ಕಡ್ಡಿ, ತೆಂಗಿನ ಗರಿಯ ದಿಂಡು ಹಾಕಿರಿ. ಅದರ ಮೇಲೆ 15-20 ಸೆಂ.ಮೀ. ಒಣ ವಸ್ತು, ನಂತರ ಹಸಿಸೊಪ್ಪು, ಮೇಲೆ ಸಗಣಿಯ ಬಗ್ಗಡ, ಒಂದೆರಡು ಹಿಡಿ ಹಳೆಯ ಗೊಬ್ಬರ ಹೀಗೆ ಪುನರಾವರ್ತಿಸಿರಿ. ಹಳೆಯ ಗೊಬ್ಬರದಲ್ಲಿಯೇ ಶಾಖಪ್ರಿಯ ಜೀವಿಗಳ ಬೀಜಾಣುಗಳು ಇರುವುದರಿಂದ ಅವನ್ನು ಹೊರಗಿನಿಂದ ಕೊಂಡು ತರಬೇಕಾದ ಅಗತ್ಯವಿಲ್ಲ.

5. ತೇವಾಂಶ: ಶೇ. 50-60 ಇರಲಿ. ಹಿಡಿಯಷ್ಟು ವಸ್ತುವನ್ನು ಬಿಗಿಯಾಗಿ ಹಿಂಡಿದಾಗ ಬೆರಳಿನ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಿಸಬೇಕು. ನೀರು ಸುರಿದರೆ ಒದ್ದೆ ಹೆಚ್ಚಾಯಿತು. ಕೈ ಒದ್ದೆಯಾಗದಿದ್ದರೆ ಕಡಿಮೆಯಾಯಿತು.

6. ಸುಣ್ಣ ಬೇಡ: ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿಯೆಂದು ರಾಶಿಗೇ ಸುಣ್ಣ ಬೆರೆಸುವುದು ಸರಿಯಲ್ಲ. ಸಗಣಿಯೊಡನೆ ಸುಣ್ಣ ಸೇರಿದರೆ ಅಮೋನಿಯಾ ಹಾರಿಹೋಗುತ್ತದೆ. ಸುಣ್ಣವನ್ನು ಮಣ್ಣು ಪರೀಕ್ಷೆಯ ಶಿಫಾರಸಿನಂತೆ ಪ್ರತ್ಯೇಕವಾಗಿ ಭೂಮಿಗೆ ಕೊಡಿರಿ.

ಸ್ಥಳೀಯ ವಸ್ತುಗಳ ಬಳಕೆ

ಅಡಿಕೆ ಸಿಪ್ಪೆ ಮತ್ತು ಹಾಳೆ: ಇವು ಗಟ್ಟಿ ನಾರಿನವು. ಹಾಳೆಯನ್ನು 5-10 ಸೆಂ.ಮೀ. ತುಂಡು ಮಾಡಿ, ಸಿಪ್ಪೆಯನ್ನು ಸಗಣಿ ನೀರಿನಲ್ಲಿ ಕೆಲವು ದಿನ ನೆನೆಸಿ ಬಳಸಿರಿ.

ತೆಂಗಿನ ನಾರಿನ ಪುಡಿ: ಇದರ ಇಂಗಾಲ-ಸಾರಜನಕ ಅನುಪಾತ ನೂರಕ್ಕೂ ಹೆಚ್ಚು. 1 ಟನ್ ಪುಡಿಗೆ 5 ಕಿ.ಗ್ರಾಂ ಯೂರಿಯಾ ಮತ್ತು 1.5 ಕಿ.ಗ್ರಾಂ ಪ್ಲುರೋಟಸ್ ಅಣಬೆಯ ಬೀಜ ಬಳಸುವ ವಿಧಾನ ಪ್ರಚಲಿತವಿದೆ. ಆದರೆ ಈ ಅಣಬೆ ತಂಪಿನಲ್ಲಿ ಬೆಳೆಯುವಂಥದು. ಈ ವಿಧಾನದಿಂದ ನಾರಿನ ಪುಡಿ ಕಳಿಯುತ್ತದೆಯಾದರೂ ಶಾಖದಿಂದ ಕಳೆಬೀಜ ಸಾಯುವ ಲಾಭವನ್ನು ನಿರೀಕ್ಷಿಸಬಾರದು. ಎರಡು ವಿಧಾನಗಳನ್ನು ಒಂದೇ ರಾಶಿಯಲ್ಲಿ ಬೆರೆಸಬೇಡಿರಿ.

ಮೀನಿನ ತ್ಯಾಜ್ಯ: ಭಟ್ಕಳ, ಹೊನ್ನಾವರಗಳ ಮೀನುಗಾರಿಕಾ ಬಂದರುಗಳ ಸಮೀಪದವರಿಗೆ ಇದು ಉತ್ತಮ ಸಾರಜನಕ ಮೂಲ. ಒಂದು ಪಾಲು ತಾಜಾ ತ್ಯಾಜ್ಯಕ್ಕೆ ಕನಿಷ್ಠ ಮೂರು ಪಾಲು ದರಕು ಅಥವಾ ನಾರಿನ ಪುಡಿ ಬೆರೆಸಿ ರಾಶಿಯ ನಡುವೆ ಹೂತು, ಮೇಲೆ 20-25 ಸೆಂ.ಮೀ. ಒಣ ಪದರದಿಂದ ಮುಚ್ಚಿರಿ. ಉಪ್ಪು ಹಾಕಿದ ಒಣಮೀನಿನ ತ್ಯಾಜ್ಯವನ್ನು ಬಳಸಕೂಡದು. ಉಪ್ಪಿನ ಅಂಶ ಬೆಳೆಗೆ ಹಾನಿಕರ.

ಉಷ್ಣತೆಯ ಪರೀಕ್ಷೆ ಮತ್ತು ಮಗುಚುವಿಕೆ

ಉದ್ದ ಕಡ್ಡಿಯ ಉಷ್ಣತಾಮಾಪಕ ಇದ್ದರೆ ಉತ್ತಮ. ಇಲ್ಲವಾದರೆ ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ 10 ನಿಮಿಷದ ನಂತರ ತೆಗೆದು ಅದರ ತುದಿಯನ್ನು ಮುಟ್ಟಿ ನೋಡಿರಿ. ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ರಾಶಿ ಸರಿಯಾಗಿ ಕೆಲಸ ಮಾಡುತ್ತಿದೆ. ಉಗುರು ಬೆಚ್ಚಗಿದ್ದರೆ ಬಿಸಿ ಸಾಲದು. ಸರಳು ತಣ್ಣಗೂ ಒದ್ದೆಯಾಗಿಯೂ ಇದ್ದು ದುರ್ವಾಸನೆ ಬೀರಿದರೆ ಗಾಳಿಯಿಲ್ಲದೆ ಕೊಳೆಯುತ್ತಿದೆ ಎಂದು ತಿಳಿಯಿರಿ.

ರಾಶಿ ಕಟ್ಟಿದ 5-7 ದಿನಗಳಿಗೆ ಮೊದಲ ಬಾರಿ ಮಗುಚಿರಿ. ನಂತರ ಶಾಖ ಇಳಿದಾಗ, ಅಥವಾ 65 ಡಿಗ್ರಿಯನ್ನು ಮೀರಿದಾಗ ಮಗುಚಿರಿ. ತೆರೆದ ರಾಶಿಗಳಲ್ಲಿ ರೋಗಾಣುಗಳ ನಾಶಕ್ಕೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಅಳತೆಯೆಂದರೆ 55 ಡಿಗ್ರಿ ಅಥವಾ ಹೆಚ್ಚಿನ ಉಷ್ಣತೆ 15 ದಿನ, ಆ ಅವಧಿಯಲ್ಲಿ 5 ಬಾರಿ ಮಗುಚುವಿಕೆ. ಆಳುಗಳ ಕೊರತೆಯಿಂದ ಅಷ್ಟು ಸಾಧ್ಯವಾಗದಿದ್ದರೆ ಕನಿಷ್ಠ ಮೂರು ಬಾರಿಯಾದರೂ ಹೊರಮೈಯನ್ನು ಒಳಗೆ ಸೇರಿಸಿ ಮಗುಚಿರಿ. ಮಗುಚಿದ ನಂತರವೂ ರಾಶಿ ಮತ್ತೆ ಬಿಸಿಯೇರದಿದ್ದರೆ, ತೇವ ಸರಿಯಿದ್ದಲ್ಲಿ, ಮಾಗಲು ಬಿಡಬಹುದು.

ಮಳೆಗಾಲದ ಎಚ್ಚರಿಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ರಾಶಿಯನ್ನು ಬಿಸಿಯಾಗಿ ಉಳಿಸಿಕೊಳ್ಳುವುದು ಕಷ್ಟ. ನೀರು ತುಂಬಿದ ರಾಶಿಗೆ ಗಾಳಿ ಸೇರುವುದಿಲ್ಲ. ಶಾಖಪ್ರಿಯ ಜೀವಿಗಳು ಬಿಸಿ ಹುಟ್ಟಿಸಲು ಆಮ್ಲಜನಕ ಬೇಕೇಬೇಕು. ಪೊಟ್ಯಾಷ್‌ನಂತಹ ಪೋಷಕಾಂಶಗಳೂ ಮಳೆನೀರಿನೊಡನೆ ಹರಿದು ಹೋಗುತ್ತವೆ. ಆದುದರಿಂದ ರಾಶಿಯ ಮೇಲೆ ಸೋಗೆಯ ಅಥವಾ ಶೀಟಿನ ಮಾಡು ಕಟ್ಟಿರಿ. ಸುತ್ತ ಬಸಿಗಾಲುವೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆಯನ್ನು ರಾಶಿಗೆ ನೇರವಾಗಿ ಹೊದಿಸಿ ಬಿಗಿಯದೆ, ಬದಿಗಳಲ್ಲಿ ಗಾಳಿಯಾಡುವಂತೆ ಎತ್ತರಿಸಿ ಕಟ್ಟಿರಿ.

ಕೊಳೆರೋಗದಿಂದ ಉದುರಿದ ಅಡಿಕೆಯನ್ನು ಮಳೆಗಾಲದ ತಣ್ಣನೆಯ ಗುಂಡಿಗೆ ಹಾಕಲೇಬಾರದು. ಅಂತಹ ಕಾಯಿಗಳನ್ನು ಆರಿಸಿ ತೋಟದಿಂದ ಹೊರಗೊಯ್ದು ಸುಟ್ಟು ಅಥವಾ ಆಳವಾಗಿ ಹೂತು ನಾಶಪಡಿಸುವುದೇ ಸರಿಯಾದ ಕ್ರಮ.

ಶಾಖಕ್ಕೂ ಮಿತಿಯಿದೆ

ಕೆಲವು ರೋಗಕಾರಕಗಳು ರಾಶಿಯ ಶಾಖವನ್ನು ದಾಟಿ ಉಳಿಯಬಲ್ಲವು. ಕೆಳಗಿನವುಗಳನ್ನು ರಾಶಿಗೆ ಸೇರಿಸಬೇಡಿರಿ:

• ಅಣಬೆ ರೋಗದಿಂದ ಸತ್ತ ಅಡಿಕೆ, ತೆಂಗಿನ ಮರದ ಬುಡ ಮತ್ತು ಬೇರು.
• ಸೊರಗು ರೋಗ ತಗುಲಿದ ಬಾಳೆ, ಶುಂಠಿ, ಕಾಳುಮೆಣಸಿನ ಬಳ್ಳಿಗಳು.
• ನಂಜುರೋಗ ತಗುಲಿದ ಗಿಡಗಳು.
• ಹಸಿಯಾಗಿರುವ ಜೇಕಿನ ಗಡ್ಡೆ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ನಂತರವೇ ಬಳಸಿರಿ.

ತಣಿದ ನಂತರ ಸೇರಿಸಬೇಕಾದುವು

ಟ್ರೈಕೋಡರ್ಮಾ ಶಿಲೀಂಧ್ರವನ್ನು ರಾಶಿ ಕಟ್ಟುವಾಗಲೇ ಬೆರೆಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅದು 25-30 ಡಿಗ್ರಿಯಲ್ಲಿ ಬೆಳೆಯುವ ಜೀವಿ. ಬಿಸಿರಾಶಿಯಲ್ಲಿ ಸತ್ತುಹೋಗುತ್ತದೆ, ನಿಮ್ಮ ಹಣವೂ ವ್ಯರ್ಥ. ಗೊಬ್ಬರ ಪೂರ್ತಿ ತಣಿದ ನಂತರ 100 ಕಿ.ಗ್ರಾಂ ಗೊಬ್ಬರಕ್ಕೆ 1 ಕಿ.ಗ್ರಾಂ ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ತೇವವಾಗಿ 7 ರಿಂದ 15 ದಿನ ಇಟ್ಟು ಬಳಸಿರಿ. ಅಜೊಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಮೊದಲಾದ ಜೈವಿಕ ಗೊಬ್ಬರಗಳಿಗೂ ಇದೇ ನಿಯಮ. ಎರೆಗೊಬ್ಬರ ಮಾಡುವವರು ಬಿಸಿ ಇಳಿದ ಮೇಲೆಯೇ ಎರೆಹುಳುಗಳನ್ನು ಬಿಡಬೇಕು.

ನರ್ಸರಿಯಲ್ಲಿ ಬಿಸಿಲಿನ ಶಾಖದ ಬಳಕೆ

ಕಾಳುಮೆಣಸಿನ ನರ್ಸರಿ ಮಾಡುವವರು ಇದೇ ತತ್ವವನ್ನು ಮಣ್ಣಿಗೂ ಅನ್ವಯಿಸಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಮಣ್ಣಿನ ಮಿಶ್ರಣವನ್ನು ತೆಳುವಾಗಿ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪಾಲಿಥೀನ್ ಹಾಳೆಯಿಂದ ಅಂಚುಗಳಿಗೆ ಮಣ್ಣು ಮುಚ್ಚಿ 4 ರಿಂದ 6 ವಾರ ಬಿಡಿರಿ. ಮೇಲ್ಪದರದ ಬಿಸಿಗೆ ಫೈಟಾಫ್ಥೊರಾ, ಜಂತುಹುಳು, ಕಳೆಬೀಜಗಳು ಕುಗ್ಗುತ್ತವೆ. ಶಾಖ ತಾಳುವ ಬ್ಯಾಸಿಲಸ್‌ನಂತಹ ಜೀವಿಗಳು ಉಳಿದುಕೊಳ್ಳುತ್ತವೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆ ಹೆಚ್ಚು ಪರಿಣಾಮಕಾರಿ.

ಆರೋಗ್ಯ ಮತ್ತು ಸುರಕ್ಷತೆ

ಶಾಖಪ್ರಿಯ ಆ್ಯಕ್ಟಿನೋಮೈಸಿಟ್ಸ್‌ಗಳ ಬೀಜಾಣುಗಳು ಒಣ ಧೂಳಿನೊಡನೆ ಶ್ವಾಸಕೋಶವನ್ನು ಸೇರಿದರೆ ಕೆಲವರಲ್ಲಿ ‘ರೈತನ ಶ್ವಾಸಕೋಶ’ ಎಂಬ ಅಲರ್ಜಿ ಕಾಯಿಲೆ ಬರುತ್ತದೆ. ಬೂಷ್ಟು ಹಿಡಿದ ಹುಲ್ಲು ಅಥವಾ ಗೊಬ್ಬರವನ್ನು ಕೆದಕಿದ ಕೆಲವು ಗಂಟೆಗಳಲ್ಲಿ ಜ್ವರ, ಕೆಮ್ಮು, ಏದುಸಿರು ಕಾಣಿಸುವುದು ಇದರ ಲಕ್ಷಣ. ಮಗುಚುವ ಮೊದಲು ನೀರು ಚಿಮುಕಿಸಿರಿ. ಮೂಗು ಬಾಯಿಗೆ ಮುಖಗವಸು ಧರಿಸಿರಿ. ಗಾಳಿಗೆ ಬೆನ್ನು ಮಾಡಿ ನಿಲ್ಲಿರಿ. ಲಕ್ಷಣ ಮರುಕಳಿಸಿದರೆ ನಿಮ್ಮ ಕೆಲಸದ ವಿವರವನ್ನು ತಿಳಿಸಿ ವೈದ್ಯರ ಸಲಹೆ ಪಡೆಯಿರಿ.

ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಹಾಕಬಾರದು. ಸೂಕ್ಷ್ಮಜೀವಿಗಳು ಅದನ್ನು ಸುಮಾರು 70 ಡಿಗ್ರಿಯವರೆಗೆ ಬಿಸಿಯೇರಿಸುತ್ತವೆ. ಆ ಬಳಿಕ ರಾಸಾಯನಿಕ ಕ್ರಿಯೆಯಿಂದ ಶಾಖ ಏರುತ್ತ ಹೋಗಿ ಬಣವೆಗೆ ಬೆಂಕಿಯೇ ಹತ್ತಬಹುದು. ಹೊಗೆ ಅಥವಾ ಕರಕಲು ವಾಸನೆ ಬಂದ ಬಣವೆಯನ್ನು ಒಬ್ಬರೇ ಬಿಡಿಸಲು ಹೋಗಬೇಡಿರಿ. ನೀರಿನ ಸಿದ್ಧತೆ ಮಾಡಿಕೊಂಡು ಅಗ್ನಿಶಾಮಕ ದಳಕ್ಕೆ ತಿಳಿಸಿರಿ.

ಸಾಮಾನ್ಯ ಸಮಸ್ಯೆಗಳು ಮತ್ತು ಪರಿಹಾರ

• ರಾಶಿ ಬಿಸಿಯೇರದು, ಒಣಗಿದೆ: ನೀರು ಮತ್ತು ಸಗಣಿಯ ಬಗ್ಗಡ ಹಾಕಿ ಮಗುಚಿರಿ.
• ಬಿಸಿಯೇರದು, ತೇವ ಸರಿಯಿದೆ: ಸಾರಜನಕ ಕಡಿಮೆ ಅಥವಾ ಗಾತ್ರ ಚಿಕ್ಕದು. ಹಸಿಸೊಪ್ಪು, ಕೋಳಿಗೊಬ್ಬರ ಸೇರಿಸಿ ರಾಶಿಯನ್ನು ದೊಡ್ಡದು ಮಾಡಿರಿ.
• ಕೊಳೆತ ಮೊಟ್ಟೆಯ ವಾಸನೆ: ಒದ್ದೆ ಹೆಚ್ಚು, ಗಾಳಿ ಕಡಿಮೆ. ದರಕು ಬೆರೆಸಿ ಬಿಡಿಬಿಡಿಯಾಗಿ ಮಗುಚಿರಿ.
• ಮೂಗಿಗೆ ರಾಚುವ ಅಮೋನಿಯಾ ವಾಸನೆ: ಸಾರಜನಕ ಹೆಚ್ಚು. ಹುಲ್ಲು, ನಾರಿನ ಪುಡಿ ಸೇರಿಸಿರಿ.
• ನಡುವೆ ಬೂದಿಯಂತಾಗಿ ಒಣಗಿದೆ: ಬಿಸಿ ಮಿತಿಮೀರಿದೆ. ನೀರು ಹಾಕಿ ಮಗುಚಿ ಎತ್ತರ ತಗ್ಗಿಸಿರಿ.

ಪ್ರಮಾಣ ಮತ್ತು ವೇಳಾಪಟ್ಟಿ

ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 12 ಕಿ.ಗ್ರಾಂ ಹಸಿರೆಲೆ ಮತ್ತು 12 ಕಿ.ಗ್ರಾಂ ಕಾಂಪೋಸ್ಟ್ ಶಿಫಾರಸು ಇದೆ. 2.7 ಮೀ. ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ; ಅಂದರೆ ಎಕರೆಗೆ ಸುಮಾರು 6.6 ಟನ್ ಗೊಬ್ಬರ ಬೇಕು. ರಾಶಿ ಮಾಗುವಾಗ ಗಾತ್ರ ಅರ್ಧದಷ್ಟಾದರೂ ಇಳಿಯುವುದನ್ನು ಗಮನದಲ್ಲಿಟ್ಟು ಸಾಮಗ್ರಿ ಸಂಗ್ರಹಿಸಿರಿ.

• ಅಕ್ಟೋಬರ್-ನವೆಂಬರ್: ಮಳೆ ನಿಂತೊಡನೆ ಹಸಿ ಕಳೆ, ಭತ್ತದ ಹುಲ್ಲಿನಿಂದ ಮೊದಲ ರಾಶಿ. ಫೆಬ್ರುವರಿಯ ಹೊತ್ತಿಗೆ ಸಿದ್ಧ.
• ಫೆಬ್ರುವರಿ-ಮಾರ್ಚ್: ದರಕು, ಹಾಳೆ, ಸಿಪ್ಪೆಯಿಂದ ಎರಡನೆಯ, ದೊಡ್ಡ ರಾಶಿ. ಬಿಸಿಯ ಹಂತ ಮಳೆಗೆ ಮುಂಚೆಯೇ ಮುಗಿಯುತ್ತದೆ. ಮಾಡಿನ ಕೆಳಗೆ ಮಾಗಿದ ಗೊಬ್ಬರವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅಡಿಕೆ ಬುಡಕ್ಕೂ, ಉಳಿದುದನ್ನು ಭತ್ತದ ನಂತರದ ಈರುಳ್ಳಿ ಗದ್ದೆಗೂ ನೀಡಬಹುದು.

ಗೊಬ್ಬರವು ಕಪ್ಪುಮಿಶ್ರಿತ ಕಂದುಬಣ್ಣಕ್ಕೆ ತಿರುಗಿ, ಮಣ್ಣಿನ ವಾಸನೆ ಬೀರಿ, ಮಗುಚಿದರೂ ಬಿಸಿಯಾಗದಿದ್ದರೆ ಬಳಕೆಗೆ ಸಿದ್ಧವೆಂದು ತಿಳಿಯಬೇಕು. ಅನುಮಾನವಿದ್ದರೆ ಒಂದು ಕುಂಡದಲ್ಲಿ ಗೊಬ್ಬರ ತುಂಬಿ ನೀರು ಹಾಕಿ 10 ದಿನ ಇಡಿರಿ. ಕಳೆ ಮೊಳೆತರೆ ಆ ರಾಶಿ ಸಾಕಷ್ಟು ಬಿಸಿಯೇರಿಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಪ್ರಾತ್ಯಕ್ಷಿಕೆಯಲ್ಲಿ ಒಂದೇ ಬಗೆಯ ಸಾಮಗ್ರಿಯಿಂದ ಒಂದು ಬಿಸಿರಾಶಿಯನ್ನೂ ಒಂದು ಸಾಮಾನ್ಯ ಗುಂಡಿಯನ್ನೂ ಅಕ್ಕಪಕ್ಕದಲ್ಲಿ ಮಾಡಿಸಿರಿ. ದಿನವೂ ಉಷ್ಣತೆಯನ್ನು ರೈತರಿಂದಲೇ ಬರೆಸಿ, ಕೊನೆಯಲ್ಲಿ ಮೇಲೆ ಹೇಳಿದ ಕುಂಡದ ಪರೀಕ್ಷೆಯನ್ನು ಎರಡಕ್ಕೂ ನಡೆಸಿರಿ. ಮೊಳೆತ ಕಳೆಯನ್ನು ಎಣಿಸಿ ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.